ಬ್ರೌಸರ್ ಪುಕ್ಕಟೆ ಮಾಡುತ್ತಿದ್ದ ಕೆಲಸಗಳು

ವೆಬ್ ಪುಟದಲ್ಲಿ ಒಂದು ಲಿಂಕ್ ಒತ್ತಿದರೆ ಹಳೆಯ ಬ್ರೌಸರ್ ಏನೇನು ಮಾಡುತ್ತಿತ್ತು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಕೆಲಸ ಶುರುವಾಗಿದೆ ಅಂತ ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ತಿರುಗುತ್ತಿತ್ತು. ಬೇಡ ಅನಿಸಿದರೆ ಸ್ಟಾಪ್ ಬಟನ್ ಇತ್ತು. ಹೊಸ ಪುಟ ಬಂದಾಗ ಮೇಲಿನ ವಿಳಾಸ ತಾನಾಗಿ ಬದಲಾಗುತ್ತಿತ್ತು. ಬ್ಯಾಕ್ ಒತ್ತಿದರೆ ಹಿಂದಿನ ಪುಟ ಬರುತ್ತಿತ್ತು, ಅದೂ ನೀವು ಓದುತ್ತಿದ್ದ ಜಾಗಕ್ಕೇ. ಸರ್ವರ್ ಸಿಗದಿದ್ದರೆ ಸಿಗಲಿಲ್ಲ ಅಂತ ಒಂದು ಪುಟ ತೋರಿಸುತ್ತಿತ್ತು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ "ಪುಟ ಬದಲಾಯಿತು" ಅಂತ ತಿಳಿಸುವುದೂ ಅದರದ್ದೇ ಕೆಲಸ. ಇದಕ್ಕೆಲ್ಲ ಡೆವಲಪರ್ ಒಂದು ಸಾಲು ಕೋಡ್ ಕೂಡ ಬರೆಯಬೇಕಿರಲಿಲ್ಲ.

ಆಮೇಲೆ ನಾವು "ಪ್ರತಿ ಸಲ ಪುಟ ಪೂರ್ತಿ ಲೋಡ್ ಆಗುವುದು ಬೇಡ" ಅಂದೆವು. ತಪ್ಪೇನಿಲ್ಲ, ಬೇಡವೇ ಆಗಿತ್ತು. ಆದರೆ ಹಾಗಂದ ಗಳಿಗೆಯಿಂದ ಮೇಲೆ ಹೇಳಿದ ಕೆಲಸಗಳೆಲ್ಲ ನಮ್ಮ ತಲೆಗೆ ಬಂದವು. ರಿಚ್ ಇಂಟರ್ನೆಟ್ ಅಪ್ಲಿಕೇಶನ್‌ಗಳ, ಅಂದರೆ ಬ್ರೌಸರ್‌ನಲ್ಲೇ ತೆರೆದರೂ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಥರ ನಡೆಯುವ ಅಪ್ಲಿಕೇಶನ್‌ಗಳ, ಇಂಟರ್‌ಫೇಸ್ ಮಾಡುವುದು ಅಂದರೆ ಚೆಂದದ ಬಟನ್, ಬಣ್ಣ, ಅನಿಮೇಶನ್ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಕೆಲಸ ಬ್ರೌಸರ್‌ನಿಂದ ಕಿತ್ತುಕೊಂಡದ್ದನ್ನು ಬಳಸುವವರಿಗೆ ವಾಪಸ್ ಕೊಡುವುದೇ ಆಗಿರುತ್ತದೆ.

ರಿಚ್ ಇಂಟರ್ನೆಟ್ ಅಪ್ಲಿಕೇಶನ್ ಅನ್ನುವ ಹೆಸರು ಚಾಲ್ತಿಗೆ ಬಂದದ್ದು 2002ರಲ್ಲಿ. ಮ್ಯಾಕ್ರೋಮೀಡಿಯಾ ಕಂಪನಿ ಫ್ಲ್ಯಾಶ್ ಎಂಎಕ್ಸ್ ಹೊರಬಿಟ್ಟ ಹೊತ್ತಿನಲ್ಲಿ ಅಲ್ಲಿನ ಜೆರೆಮಿ ಅಲೇರ್ ಬರೆದ ಲೇಖನದಿಂದ. ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನ ಚುರುಕೂ ಇರಲಿ, ಏನೂ ಇನ್‌ಸ್ಟಾಲ್ ಮಾಡದೆ ವಿಳಾಸ ಕೊಟ್ಟರೆ ತೆರೆದುಕೊಳ್ಳುವ ವೆಬ್‌ನ ಸುಲಭವೂ ಇರಲಿ ಅನ್ನುವುದು ಆಸೆ. ಆಗಿನ ಮೆಚ್ಚಿನ ಉದಾಹರಣೆ ಹೋಟೆಲ್ ಕೋಣೆ ಬುಕ್ಕಿಂಗ್. ಸಾದಾ ವೆಬ್‌ನಲ್ಲಿ ಅದು ಒಂದರ ಹಿಂದೆ ಒಂದು ಪುಟ. ತಾರೀಖು ಒಂದು ಪುಟ, ಕೋಣೆ ಇನ್ನೊಂದು, ವಿಳಾಸ ಮತ್ತೊಂದು. ಕೊನೆಯಲ್ಲಿ "ಆ ದಿನ ಕೋಣೆ ಇಲ್ಲ" ಅಂದರೆ ಮತ್ತೆ ಮೊದಲಿಂದ. ಫ್ಲ್ಯಾಶ್‌ನಲ್ಲಿ ಕ್ಯಾಲೆಂಡರ್, ಕೋಣೆ, ಒಟ್ಟು ಮೊತ್ತ ಎಲ್ಲ ಒಂದೇ ಪರದೆಯಲ್ಲಿ. ತಾರೀಖು ಬದಲಿಸಿದರೆ ಮೊತ್ತ ಅಲ್ಲಲ್ಲೇ ಬದಲಾಗುತ್ತದೆ. ನೋಡಿದವರು ಮರುಳಾಗದೆ ಇರುತ್ತಾರಾ?

ಆದರೆ ಫ್ಲ್ಯಾಶ್ ಒಂದು ಪ್ಲಗಿನ್, ಅಂದರೆ ಬ್ರೌಸರ್‌ಗೆ ಹೊರಗಿನಿಂದ ಸೇರಿಸುವ ಸಾಫ್ಟ್‌ವೇರ್. ಬೇರೆಯವರ ಮನೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಅದಕ್ಕೆ ನಮ್ಮದೇ ಬೀಗ ಹಾಕಿಕೊಂಡ ಹಾಗೆ. ಒಳಗೆ ಏನು ನಡೆಯುತ್ತಿದೆ ಅಂತ ಬ್ರೌಸರ್‌ಗೆ ಗೊತ್ತಾಗುತ್ತಿರಲಿಲ್ಲ. ಬ್ಯಾಕ್ ಒತ್ತಿದರೆ ಅಪ್ಲಿಕೇಶನ್ನೇ ಮಾಯ. ಪುಟದೊಳಗೆ ಹುಡುಕೋಣ ಅಂದರೆ ಬ್ರೌಸರ್‌ಗೆ ಅಲ್ಲಿ ಅಕ್ಷರವೇ ಕಾಣದು. ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಫ್ಲ್ಯಾಶ್ ಶೇಕಡಾ 99ರಷ್ಟು ಕೆಟ್ಟದ್ದು ಅಂತ ತಲೆಬರಹ ಕೊಟ್ಟು ಬರೆದಿದ್ದರು. ಎರಡು ವರ್ಷ ತುಂಬುವುದರೊಳಗೆ ಅದೇ ಕಂಪನಿಯ ಜತೆ ಕೈಜೋಡಿಸಿದರು ಅನ್ನುವುದು ಬೇರೆ ಮಾತು. ನಮ್ಮ ಲಿಪಿಗಳ ಗತಿ ಕೇಳಲೇಬೇಡಿ. ಒತ್ತಕ್ಷರ ಸರಿಯಾಗಿ ಕೂಡಿಸಬಲ್ಲ ಹೊಸ ಪಠ್ಯ ಎಂಜಿನ್ ಬಂದದ್ದು 2008ರ ಫ್ಲ್ಯಾಶ್ ಪ್ಲೇಯರ್ 10ರಲ್ಲಿ. ಅಕ್ಷರ ಬಿಡಿಸುವುದು ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಮ್ ಸೇರಿ ಪುಕ್ಕಟೆ ಮಾಡಿಕೊಡುತ್ತಿದ್ದ ಇನ್ನೊಂದು ಕೆಲಸ. ಅದನ್ನು ಬಿಟ್ಟುಕೊಟ್ಟ ಮೇಲೇ ಅದರ ಬೆಲೆ ಗೊತ್ತಾದದ್ದು.

2004ರಲ್ಲಿ ಫ್ಲ್ಯಾಶ್‌ನಲ್ಲೇ ಓಡುವ ಅಪ್ಲಿಕೇಶನ್ ಕಟ್ಟಲು ಫ್ಲೆಕ್ಸ್ ಬಂತು. ಅನಿಮೇಶನ್‌ನವರ ಟೈಮ್‌ಲೈನ್, ಫ್ರೇಮ್ ಅಂತ ತಲೆಕೆಡಿಸಿಕೊಳ್ಳದೆ, ಟ್ಯಾಗ್ ಬರೆದು ಪರದೆ ಕಟ್ಟಬಹುದು ಅಂದಾಗ ಪ್ರೋಗ್ರಾಮರ್‌ಗಳಿಗೆ ಖುಷಿ. ಅದರ ಜತೆ ಬಂದ ಸಿದ್ಧ ಥೀಮ್ ಹೆಸರು ಹೇಲೋ. ಅದನ್ನು ಯಾರೂ ಬದಲಿಸುತ್ತಿರಲಿಲ್ಲ. ಹಾಗಾಗಿ ಬೂದು ನೀಲಿ ಹಿನ್ನೆಲೆ, ಹೊಳೆಯುವ ದುಂಡು ಮೂಲೆ ಕಂಡರೆ ಸಾಕು, ಇದು ಫ್ಲೆಕ್ಸ್ ಅಂತ ದೂರದಿಂದಲೇ ಹೇಳಬಹುದಿತ್ತು. ಅಡೋಬಿ ಮ್ಯಾಕ್ರೋಮೀಡಿಯಾವನ್ನು ಕೊಂಡಿತು, ಮೈಕ್ರೋಸಾಫ್ಟ್ 2007ರಲ್ಲಿ ಸಿಲ್ವರ್‌ಲೈಟ್ ತಂದಿತು, ಸನ್ ಕಂಪನಿ ಜಾವಾ ಎಫ್‌ಎಕ್ಸ್ ತಂದಿತು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಗಿನ್.

ತಮಾಷೆ ಅಂದರೆ, ಇವೆಲ್ಲವನ್ನೂ ಹಿಂದೆ ಹಾಕಿದ ಸಾಮಾನು ಅದಕ್ಕೂ ಮೊದಲೇ ಬ್ರೌಸರ್‌ನೊಳಗೆ ಕೂತಿತ್ತು. ಔಟ್‌ಲುಕ್ ಮೇಲ್ ಅನ್ನು ವೆಬ್‌ನಲ್ಲಿ ತೋರಿಸಲು ಮೈಕ್ರೋಸಾಫ್ಟ್‌ನವರೇ ಒಂದು ಸಣ್ಣ ಸೌಕರ್ಯ ಮಾಡಿಕೊಂಡು, 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಸೇರಿಸಿದ್ದರು. ಪುಟ ಅಲುಗಾಡದ ಹಾಗೆ ಹಿಂದಿನಿಂದ ಸರ್ವರ್ ಜತೆ ಮಾತಾಡಬಹುದಾದ ಸೌಕರ್ಯ ಅದು. 2004ರಲ್ಲಿ ಜಿಮೇಲ್, 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಅದರಿಂದ ಏನೇನು ಮಾಡಬಹುದು ಅಂತ ಜನ ಕಣ್ಣಾರೆ ಕಂಡರು. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಇದಕ್ಕೆ ಅಜಾಕ್ಸ್ ಅಂತ ಹೆಸರಿಟ್ಟರು. ಐಫೋನ್ ಫ್ಲ್ಯಾಶ್ ಒಳಗೆ ಬಿಡಲಿಲ್ಲ. ಯಾಕೆ ಬಿಡುವುದಿಲ್ಲ ಅಂತ ಸ್ಟೀವ್ ಜಾಬ್ಸ್ 2010ರಲ್ಲಿ ಬಹಿರಂಗ ಪತ್ರವನ್ನೇ ಬರೆದರು. 2020ರ ಕೊನೆಗೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, ಮರುವರ್ಷ ಸಿಲ್ವರ್‌ಲೈಟ್ ಕೂಡ ಹೋಯಿತು.

ಪ್ಲಗಿನ್ ಹೋದವು, ಸಮಸ್ಯೆ ಹೋಗಲಿಲ್ಲ. ಈಗ ಬೀಗ ಹಾಕಿದ ಕೋಣೆ ಇಲ್ಲ, ಬ್ರೌಸರ್‌ಗೆ ಎಲ್ಲ ಕಾಣುತ್ತದೆ. ಆದರೂ ಪುಟದೊಳಗೇ ಓಡುವ ಜಾವಾಸ್ಕ್ರಿಪ್ಟ್ ಕೋಡ್‌ನಿಂದ ಪರದೆ ಬದಲಿಸುವಾಗ ಅದು ಸುಮ್ನೆ ನೋಡುತ್ತಾ ಕೂತಿರುತ್ತದೆ. ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ನಾವೇ ಹೇಳಬೇಕು.

ಇದು ನಿಜಕ್ಕೂ ಎಷ್ಟು ಕೆಲಸ ಅಂತ ತಿಳಿಯಲು ಒಂದು ಹುಡುಕುವ ಪೆಟ್ಟಿಗೆ ಸಾಕು. ಎರಡಕ್ಷರ ಬರೆದರೆ ಕೆಳಗೆ ಹೆಸರುಗಳ ಪಟ್ಟಿ ಬಿಚ್ಚಿಕೊಳ್ಳುತ್ತದಲ್ಲ, ಅದೇ. ಡಿಸೈನ್ ಫೈಲಿನಲ್ಲಿ ಅದು ಒಂದೇ ಚಿತ್ರ. ಮೇಲೊಂದು ಪೆಟ್ಟಿಗೆ, ಕೆಳಗೆ ಐದು ಹೆಸರು, ಒಂದರ ಮೇಲೆ ತಿಳಿ ನೀಲಿ ಬಣ್ಣ. ಅರ್ಧ ದಿನದ ಕೆಲಸ ಅನಿಸುತ್ತದೆ.

ಮೊದಲನೆಯದು, ಒಂದೊಂದು ಅಕ್ಷರಕ್ಕೂ ಸರ್ವರ್‌ಗೆ ಓಡಬಾರದು. ಬೆರಳು ಸ್ವಲ್ಪ ನಿಂತ ಮೇಲೆ ಕೇಳಬೇಕು. 200ರಿಂದ 300 ಮಿಲಿಸೆಕೆಂಡ್ ಕಾಯುವುದು ವಾಡಿಕೆ. ಜಾಸ್ತಿ ಕಾದರೆ ಪೆಟ್ಟಿಗೆ ಮಂಕಾಗಿ ಕಾಣುತ್ತದೆ, ಕಡಿಮೆ ಕಾದರೆ ಕಾದು ಪ್ರಯೋಜನವಿಲ್ಲ. ಸರಿ, ಅಷ್ಟು ಮಾಡಿದೆವು. ಈಗ ಬಳಸುವವರು "ರಾ" ಅಂತ ಬರೆದು, ಒಂದು ಕ್ಷಣ ನಿಂತು, "ರಾಮ" ಅಂತ ಮುಗಿಸುತ್ತಾರೆ. ಎರಡು ಪ್ರಶ್ನೆ ಸರ್ವರ್‌ಗೆ ಹೋದವು. "ರಾ"ದಿಂದ ಶುರುವಾಗುವ ಹೆಸರುಗಳು ತುಂಬಾ ಇವೆ, ಹುಡುಕಲು ಹೊತ್ತು ಹಿಡಿಯುತ್ತದೆ. "ರಾಮ" ಬೇಗ ಸಿಗುತ್ತದೆ. ಹಾಗಾಗಿ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಬಂತು, ಸರಿಯಾದ ಪಟ್ಟಿ ಕಾಣಿಸಿತು. ಅರ್ಧ ಸೆಕೆಂಡ್ ಬಿಟ್ಟು ಮೊದಲ ಪ್ರಶ್ನೆಯ ಉತ್ತರ ಬಂದು ಅದರ ಮೇಲೆ ಕೂತಿತು. ಈಗ ಪೆಟ್ಟಿಗೆಯಲ್ಲಿ "ರಾಮ", ಕೆಳಗೆ ರಾಘವ, ರಾಜು, ರಾಧಾ. ಆ ಹೊತ್ತಿಗೆ ಎಂಟರ್ ಒತ್ತಿದರೆ ಬೇರೆಯವರೇ ಆಯ್ಕೆಯಾಗುತ್ತಾರೆ. ಡೆವಲಪರ್‌ನ ಕಂಪ್ಯೂಟರ್‌ನಲ್ಲಿ ಇದು ಎಂದೂ ಕಾಣಿಸುವುದಿಲ್ಲ, ಯಾಕೆಂದರೆ ಅಲ್ಲಿ ಸರ್ವರ್ ಪಕ್ಕದಲ್ಲೇ ಇರುತ್ತದೆ. ಹೊಸ ಪ್ರಶ್ನೆ ಹೋಗುವಾಗ ಹಳೆಯದನ್ನು ರದ್ದು ಮಾಡಬೇಕು. ಹಳೆಯ ಬ್ರೌಸರ್‌ನಲ್ಲಿ ಹೊಸ ಲಿಂಕ್ ಒತ್ತಿದರೆ ಹಿಂದಿನ ಲೋಡ್ ತಾನಾಗಿ ನಿಲ್ಲುತ್ತಿತ್ತು, ನೆನಪಿದೆ ಅಲ್ವಾ?

ಆಮೇಲೆ ಮೌಸ್‌ನ ಸರದಿ. ಪಟ್ಟಿಯಲ್ಲಿ ಒಂದು ಹೆಸರು ಕ್ಲಿಕ್ ಮಾಡಿದರೆ ಆಯ್ಕೆಯಾಗಬೇಕು. ಪೆಟ್ಟಿಗೆಯಿಂದ ಫೋಕಸ್ (ಒತ್ತಿದ ಕೀಲಿ ಎಲ್ಲಿಗೆ ತಲುಪಬೇಕು ಅನ್ನುವ ಗುರಿ) ಹೊರಗೆ ಹೋದರೆ ಪಟ್ಟಿ ಮುಚ್ಚಿಕೊಳ್ಳಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಪಟ್ಟಿಯ ಮೇಲೆ ಮೌಸ್ ಒತ್ತಿದ ಕೂಡಲೇ ಪೆಟ್ಟಿಗೆ ಫೋಕಸ್ ಕಳೆದುಕೊಳ್ಳುತ್ತದೆ. ಪಟ್ಟಿ ಮುಚ್ಚುತ್ತದೆ. ಬೆರಳು ಎತ್ತುವ ಹೊತ್ತಿಗೆ ಕ್ಲಿಕ್ ಬೀಳಬೇಕಾದ ಹೆಸರೇ ಅಲ್ಲಿಲ್ಲ. ಇದಕ್ಕೆ 200 ಮಿಲಿಸೆಕೆಂಡ್ ತಡೆದು ಮುಚ್ಚುವ ಕೋಡ್ ನಾನು ನೋಡಿದ ಎಷ್ಟೋ ಪ್ರಾಜೆಕ್ಟುಗಳಲ್ಲಿದೆ. ನಿಧಾನವಾಗಿ ಕ್ಲಿಕ್ ಮಾಡುವ ವಯಸ್ಸಾದವರಿಗೆ, ಕೈ ನಡುಗುವವರಿಗೆ ಆ 200 ಸಾಲುವುದಿಲ್ಲ. ಪಟ್ಟಿಯ ಮೇಲೆ ಮೌಸ್ ಒತ್ತಿದಾಗ ಫೋಕಸ್ ಕದಲದಂತೆ ತಡೆಯುವುದೇ ಸರಿಯಾದ ದಾರಿ. ಒಂದೇ ಸಾಲಿನ ಕೋಡ್. ಆದರೆ ಆ ಸಾಲು ಹೊಳೆಯಲು ಇಡೀ ಸರಣಿ ತಲೆಯಲ್ಲಿ ಓಡಬೇಕು.

ಕೀಬೋರ್ಡ್ ಬಗ್ಗೆ ಇನ್ನೂ ಹೇಳಿಯೇ ಇಲ್ಲ. ಕೆಳಬಾಣ ಒತ್ತಿದರೆ ಪಟ್ಟಿಯಲ್ಲಿ ಇಳಿಯಬೇಕು, ಆದರೆ ಕರ್ಸರ್ ಪೆಟ್ಟಿಗೆಯಲ್ಲೇ ಇರಬೇಕು. ಎಸ್ಕೇಪ್ ಒತ್ತಿದರೆ ಪಟ್ಟಿ ಮಾತ್ರ ಮುಚ್ಚಬೇಕು, ಬರೆದದ್ದು ಅಳಿಸಬಾರದು. ಇಂಗ್ಲಿಷ್ ಅಕ್ಷರ ಒತ್ತಿ ಬೇರೆ ಲಿಪಿ ಮೂಡಿಸುವ ಕೀಲಿಮಣೆಗಳಲ್ಲಿ ಪದವನ್ನು ಖಚಿತಪಡಿಸಲು ಎಂಟರ್ ಒತ್ತುವುದುಂಟು. ಆ ಎಂಟರ್ ಅನ್ನು ನಮ್ಮ ಕೋಡ್ "ಆಯ್ಕೆ ಮಾಡು" ಅಂತ ತಿಳಿದರೆ ಅರ್ಧ ಪದಕ್ಕೇ ಯಾರೋ ಆಯ್ಕೆಯಾಗಿರುತ್ತಾರೆ. ಕಣ್ಣು ಕಾಣದವರಿಗೆ "ಪಟ್ಟಿ ತೆರೆದಿದೆ, ಐದು ಹೆಸರಿವೆ, ನೀವು ಎರಡನೆಯದರ ಮೇಲಿದ್ದೀರಿ" ಅಂತ ಕೇಳಿಸಬೇಕು. ಇದನ್ನು ಹೇಳುವ ಗುರುತುಗಳನ್ನೆಲ್ಲ ಸೇರಿಸಿದ ಏರಿಯಾ (ARIA) ಅನ್ನುವ ನಿಯಮಾವಳಿ 2014ರಲ್ಲಿ ವೆಬ್ ಒಕ್ಕೂಟದ (W3C) ಅಧಿಕೃತ ಶಿಫಾರಸಾಯಿತು. ಗುರುತು ಹಾಕಿದ ಮಾತ್ರಕ್ಕೆ ಏನೂ ನಡೆಯುವುದಿಲ್ಲ, ನೆನಪಿರಲಿ. "ಇದು ಬಟನ್" ಅಂತ ಹೆಸರು ಅಂಟಿಸಿದರೆ ಸ್ಕ್ರೀನ್ ರೀಡರ್ ಬಟನ್ ಅನ್ನುತ್ತದೆ. ಒತ್ತಿದರೆ ಏನಾಗಬೇಕು ಅನ್ನುವುದನ್ನು ನೀವೇ ಬರೆಯಬೇಕು. ಸುಳ್ಳು ಗುರುತಿಗಿಂತ ಗುರುತು ಇಲ್ಲದಿರುವುದೇ ವಾಸಿ.

ಒಂದೂ ಹೆಸರು ಸಿಗದಿದ್ದರೆ? ನೆಟ್ ಹೋದರೆ? ಎರಡಕ್ಕೂ ಖಾಲಿ ಪಟ್ಟಿ ತೋರಿಸುವ ಅಪ್ಲಿಕೇಶನ್‌ಗಳು ಬೇಕಾದಷ್ಟಿವೆ. ಆದರೆ "ಅಂಥವರು ಯಾರೂ ಇಲ್ಲ" ಅನ್ನುವುದಕ್ಕೂ "ಕೇಳಲು ಆಗಲಿಲ್ಲ" ಅನ್ನುವುದಕ್ಕೂ ಅಜಗಜಾಂತರ. ಮೊದಲನೆಯದನ್ನು ನಂಬಿ ಬಳಸುವವರು ಅದೇ ವ್ಯಕ್ತಿಯನ್ನು ಹೊಸದಾಗಿ ಸೇರಿಸಿಬಿಡುತ್ತಾರೆ. ಆಮೇಲೆ ಒಂದೇ ಹೆಸರು ಎರಡೆರಡು ಸಲ ಯಾಕಿದೆ ಅಂತ ಡೇಟಾಬೇಸ್ ನೋಡಿಕೊಳ್ಳುವವರು ತಲೆ ಚಚ್ಚಿಕೊಳ್ಳುತ್ತಾರೆ.

ಇಷ್ಟೆಲ್ಲ ಇರುವಾಗ ಆ ಒಂದು ಚಿತ್ರದಿಂದ ಕೆಲಸ ಹೇಗೆ ಸಾಗುತ್ತದೆ? ಡಿಸೈನರ್‌ಗಳನ್ನು ದೂರುತ್ತಿಲ್ಲ. ಅವರ ಕೈಗೆ ಕೊಟ್ಟ ಸಾಧನವೇ ನಿಂತ ಚಿತ್ರ ಬಿಡಿಸುವಂಥದ್ದು. ಮೈಕ್ರೋಸಾಫ್ಟ್‌ನವರು ಸಿಲ್ವರ್‌ಲೈಟ್ ಕಾಲದಲ್ಲಿ ಎಕ್ಸ್‌ಪ್ರೆಶನ್ ಬ್ಲೆಂಡ್ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ದರು. ಡಿಸೈನರ್ ಅಲ್ಲಿ ಬಿಡಿಸಿದ್ದು ಡೆವಲಪರ್ ತೆರೆಯುವ ಫೈಲೇ ಆಗಿರುತ್ತಿತ್ತು. ಒಂದು ಬಟನ್‌ಗೆ ಸಾದಾ ಸ್ಥಿತಿ, ಮೌಸ್ ಮೇಲಿರುವ ಸ್ಥಿತಿ, ಒತ್ತಿದ ಸ್ಥಿತಿ, ಕೆಲಸ ಮಾಡದ ಸ್ಥಿತಿ ಎಲ್ಲ ಅಲ್ಲೇ ಬಿಡಿಸಬಹುದಿತ್ತು. ಸಿಲ್ವರ್‌ಲೈಟ್ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಆ ಯೋಚನೆಯನ್ನು ಅದರ ಜತೆಗೇ ಮಣ್ಣು ಮಾಡಿದ್ದಕ್ಕೆ ಇದೆ.

ಇನ್ನು ಕಾಯುವುದರ ವಿಷಯ. ರಾಬರ್ಟ್ ಮಿಲ್ಲರ್ ಅನ್ನುವವರು 1968ರಲ್ಲೇ ಕಂಪ್ಯೂಟರ್ ಎಷ್ಟು ಬೇಗ ಉತ್ತರಿಸಬೇಕು ಅಂತ ಬರೆದಿದ್ದರು. ನೀಲ್ಸನ್ 1993ರಲ್ಲಿ ಅದನ್ನು ಮೂರು ಅಂಕಿಗಳಲ್ಲಿ ಜನಪ್ರಿಯ ಮಾಡಿದರು. 0.1 ಸೆಕೆಂಡ್ ಒಳಗೆ ಆದರೆ ಒತ್ತಿದ ಕೂಡಲೇ ಆಯಿತು ಅನಿಸುತ್ತದೆ. 1 ಸೆಕೆಂಡ್ ತನಕ ತಡ ಗೊತ್ತಾದರೂ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆಡೆ ಹೋಗುತ್ತದೆ. ಕಂಪ್ಯೂಟರ್‌ಗಳು ಎಷ್ಟು ಬದಲಾದರೂ ಈ ಅಂಕಿಗಳು ಹಾಗೇ ಉಳಿದಿವೆ, ಯಾಕೆಂದರೆ ಇವು ಮನುಷ್ಯನ ಅಳತೆಗಳು. 2024ರಿಂದ ಗೂಗಲ್ ಪುಟಗಳ ಚುರುಕು ಅಳೆಯಲು ಬಳಸುವ ಒಂದು ಮಾನದಂಡದಲ್ಲೂ 200 ಮಿಲಿಸೆಕೆಂಡ್ ಒಳಗೆ ಪರದೆ ಸ್ಪಂದಿಸಿದರೆ ಒಳ್ಳೆಯದು, 500 ದಾಟಿದರೆ ಕೆಟ್ಟದ್ದು.

ತಿರುಗುವ ಚಕ್ರವನ್ನು ಎಲ್ಲೆಂದರಲ್ಲಿ ಹಾಕುವವರಿಗೆ ನನ್ನದೊಂದು ತಕರಾರಿದೆ. 150 ಮಿಲಿಸೆಕೆಂಡ್‌ನಲ್ಲಿ ಮುಗಿಯುವ ಕೆಲಸಕ್ಕೆ ಚಕ್ರ ತೋರಿಸಿದರೆ ಪರದೆ ಮಿಣುಕುತ್ತದೆ, ಬೇಗ ಆದದ್ದೂ ನಿಧಾನ ಅನಿಸುತ್ತದೆ. ಸ್ವಲ್ಪ ತಡೆದು, ಇನ್ನೂ ಮುಗಿದಿಲ್ಲ ಅಂದರೆ ಮಾತ್ರ ತೋರಿಸಬೇಕು. ತೋರಿಸಿದ ಮೇಲೆ ಕಣ್ಣಿಗೆ ಬೀಳುವಷ್ಟು ಹೊತ್ತಾದರೂ ಇಡಬೇಕು.

"ಆಗಿಯೇ ಬಿಟ್ಟಿತು" ಅಂತ ಮೊದಲೇ ತೋರಿಸಿ, ಸರ್ವರ್‌ಗೆ ಆಮೇಲೆ ತಿಳಿಸುವುದು ಇನ್ನೊಂದು ಉಪಾಯ. ಮೆಚ್ಚುಗೆಯ ಗುರುತಿಗೆ ಇದು ಸೊಗಸಾಗಿ ಹೊಂದುತ್ತದೆ. ತಪ್ಪಿದರೆ ಗುರುತು ಮತ್ತೆ ಖಾಲಿಯಾಗುತ್ತದೆ, ಯಾರ ಗಂಟೂ ಹೋಗುವುದಿಲ್ಲ. ಹಣ ಕಳಿಸುವ ಪರದೆಯಲ್ಲಿ ಹೀಗೆ ಮಾಡಿದರೆ ಅದು ಸುಳ್ಳು ಹೇಳಿದ ಹಾಗೇ. ನಡುವಿನ ಸಂಗತಿಗಳೇ ಕಷ್ಟ. ಒಂದು ಸಾಲು ಅಳಿಸುವುದನ್ನೇ ತಗೊಳ್ಳಿ. "ಖಂಡಿತ ಅಳಿಸಬೇಕೇ?" ಅಂತ ಕೇಳಿದರೆ ಜನ ಓದದೆಯೇ ಹೌದು ಒತ್ತುತ್ತಾರೆ. ಅದರ ಬದಲು ಸಾಲನ್ನು ಮರೆಮಾಡಿ "ಅಳಿಸಲಾಗಿದೆ, ವಾಪಸ್ ಬೇಕೇ?" ಅಂತ ಕೆಲವು ಸೆಕೆಂಡ್ ಕೊಡುವುದು ಒಳ್ಳೆಯದು. ಆದರೆ ಆ ಕೆಲವು ಸೆಕೆಂಡ್ ಒಳಗೆ ಟ್ಯಾಬ್ ಮುಚ್ಚಿದರೆ ಸಾಲು ಅಳಿಯಿತೇ, ಉಳಿಯಿತೇ? ಇದು ಬಣ್ಣದ ಪ್ರಶ್ನೆಯೂ ಅಲ್ಲ, ಬರೀ ಕೋಡ್‌ನ ಪ್ರಶ್ನೆಯೂ ಅಲ್ಲ. ಡಿಸೈನರ್, ಡೆವಲಪರ್ ಇಬ್ಬರೂ ಕೂತು ತೀರ್ಮಾನ ಮಾಡದಿದ್ದರೆ, ಕೋಡ್ ಬರೆಯುವವರು ಸುಸ್ತಾದ ಹೊತ್ತಿನಲ್ಲಿ ಏನು ಬರೆದರೋ ಅದೇ ಅಪ್ಲಿಕೇಶನ್‌ನ ನಡವಳಿಕೆಯಾಗುತ್ತದೆ.

ಬ್ಯಾಕ್ ಬಟನ್‌ಗೆ ಬರೋಣ. ಪುಟ ಬದಲಿಸದೆ ವಿಳಾಸ ಮಾತ್ರ ಬದಲಿಸುವ ಸೌಕರ್ಯ ಎಚ್‌ಟಿಎಂಎಲ್ 5ರ ಜತೆ ಬಂದ ಮೇಲೆ ಇದನ್ನು ಸರಿಯಾಗಿ ಮಾಡದಿರಲು ನೆಪ ಉಳಿದಿಲ್ಲ. ಯಾವುದು ವಿಳಾಸದಲ್ಲಿ ಇರಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡ ಅಳತೆ ಸರಳ. ಇದನ್ನು ಬಳಸುವವರು ಇನ್ನೊಬ್ಬರಿಗೆ ಕಳಿಸಲು ಬಯಸುತ್ತಾರಾ? ಹುಡುಕಿದ ಪದ, ಹಾಕಿದ ಫಿಲ್ಟರ್, ತೆರೆದ ದಾಖಲೆ, ಇವೆಲ್ಲ ವಿಳಾಸದಲ್ಲಿರಲಿ. ತೆರೆದ ಮೆನು ಬೇಡ. ಹುಡುಕುವಾಗ ಒಂದೊಂದು ಅಕ್ಷರಕ್ಕೂ ಬ್ರೌಸರ್‌ನ ಇತಿಹಾಸದಲ್ಲಿ ಹೊಸ ಹೆಜ್ಜೆ ಸೇರಿಸಿದರೆ ಬ್ಯಾಕ್ ಒತ್ತಿದಾಗ ಪದ ಒಂದೊಂದೇ ಅಕ್ಷರ ಕಳೆದುಕೊಳ್ಳುತ್ತಾ ಹೋಗುತ್ತದೆ. ಅಂಥ ಕಡೆ ಇದ್ದ ಹೆಜ್ಜೆಯನ್ನೇ ಬದಲಿಸಬೇಕು. ಫೋನಿನಲ್ಲಿ ಪರದೆ ತುಂಬಾ ತೆರೆದ ಪೆಟ್ಟಿಗೆಗೆ ಮಾತ್ರ ನಾನು ಈ ಅಳತೆ ಬಿಡುತ್ತೇನೆ. ಅಲ್ಲಿ ಹಿಂದೆ ಹೋದರೆ ಪೆಟ್ಟಿಗೆ ಮುಚ್ಚಬೇಕು ಅಂತ ಎಲ್ಲರ ಕೈಗೂ ಅಭ್ಯಾಸವಾಗಿದೆ.

ಸಾವಿರಾರು ಸಾಲಿನ ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಮೂವತ್ತು ಸಾಲು ಮಾತ್ರ ಬಿಡಿಸಿ, ಸರಿಸಿದ ಹಾಗೆ ಬದಲಿಸುವ ಜಾಣತನವೊಂದಿದೆ. ನೋಡಲು ನುಣುಪು. ಆದರೆ ಕಂಟ್ರೋಲ್ ಎಫ್ ಒತ್ತಿ ಹುಡುಕಿದರೆ ಆ ಮೂವತ್ತರಲ್ಲಿ ಇದ್ದರೆ ಮಾತ್ರ ಸಿಗುತ್ತದೆ. ಫ್ಲ್ಯಾಶ್ ಬಗ್ಗೆ 2000ದಲ್ಲಿ ಹೇಳಿದ್ದ ಅದೇ ದೂರು, ಈಗ ಪ್ಲಗಿನ್ ಇಲ್ಲದೆ! ನಾನಂತೂ ಪುಟಕ್ಕೆ ಐವತ್ತು ಸಾಲು, ಮೇಲೊಂದು ಒಳ್ಳೆಯ ಫಿಲ್ಟರ್ ಸಾಕು ಅನ್ನುವ ಪಕ್ಷ. ಹಳೆಯ ಕಾಲದವರು ಅಂತ ನಗುವವರು ನಗಲಿ.

ಈಚೆಗೆ ಗಾಳಿ ತಿರುಗಿದೆ. ಬ್ರೌಸರ್‌ಗಳು ಒಂದೊಂದೇ ಕೆಲಸ ವಾಪಸ್ ತಗೊಳ್ಳುತ್ತಿವೆ. 2022ರ ಮಾರ್ಚ್‌ನಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ, ಪುಟದ ಮೇಲೆ ಪೆಟ್ಟಿಗೆ ತೆರೆಯುವ ಡಯಲಾಗ್ ಅನ್ನುವ ಟ್ಯಾಗ್ ಸಿಗುತ್ತಿದೆ. ಅದನ್ನು ಮೋಡಲ್ ಆಗಿ, ಅಂದರೆ ಮುಚ್ಚುವ ತನಕ ಬೇರೇನೂ ಮಾಡಲಾಗದ ಹಾಗೆ, ತೆರೆದರೆ ಫೋಕಸ್ ತಾನಾಗಿ ಒಳಗೆ ಹೋಗುತ್ತದೆ, ಹಿಂದಿನ ಪುಟ ಕೈಗೆ ಸಿಗದಂತಾಗುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ, ಮುಚ್ಚಿದ ಮೇಲೆ ಫೋಕಸ್ ಮೊದಲಿದ್ದ ಬಟನ್‌ಗೇ ಮರಳುತ್ತದೆ. ಇದಕ್ಕಾಗಿ ನಾವು ಬರೆದುಕೊಂಡ, ಎಲ್ಲಿಂದಲೋ ತಂದುಕೊಂಡ ಲೈಬ್ರರಿಗಳು ಒಂದೆರಡಲ್ಲ. ಹಳೆಯ ಕೋಡ್ ಕೈಗೆ ಬಂದಾಗ ನಾನು ಮೊದಲು ಅಳಿಸುವುದು ಅವನ್ನೇ. ಪುಟ್ಟ ಮೆನು, ಸುಳಿವು ತೋರಿಸಲು ಪಾಪೋವರ್ ಬಂದಿದೆ, ಪರದೆಯಿಂದ ಪರದೆಗೆ ನುಣುಪಾಗಿ ಸಾಗಲು ಬ್ರೌಸರ್‌ನದ್ದೇ ಏರ್ಪಾಡು ಬಂದಿದೆ.

ಹುಡುಕುವ ಪೆಟ್ಟಿಗೆಗೆ ಮಾತ್ರ ಇನ್ನೂ ಆ ಭಾಗ್ಯ ಬಂದಿಲ್ಲ. ಡೇಟಾಲಿಸ್ಟ್ ಅಂತ ಒಂದು ಟ್ಯಾಗ್ ಇದೆ ನಿಜ. ಸಣ್ಣ, ಬದಲಾಗದ ಪಟ್ಟಿಗೆ ಅದು ಸಾಕು. ಆದರೆ ಅದರ ರೂಪ ನಮ್ಮ ಕೈಯಲ್ಲಿಲ್ಲ, ಒಂದೊಂದು ಬ್ರೌಸರ್‌ನಲ್ಲಿ ಒಂದೊಂದು ಥರ ಕಾಣುತ್ತದೆ. ಸರ್ವರ್‌ನಿಂದ ಬರುವ ಪಟ್ಟಿಗೆ, ಹೆಸರಿನ ಪಕ್ಕ ಫೋಟೋ ಬೇಕು ಅನ್ನುವ ಕಡೆಗೆ ಅದು ಒದಗುವುದಿಲ್ಲ. ಹಾಗಾಗಿ ಮುಂದಿನ ಪ್ರಾಜೆಕ್ಟಿನಲ್ಲೂ ಬಾಣದ ಕೀಲಿ, ಎಸ್ಕೇಪ್, ರದ್ದು ಮಾಡಬೇಕಾದ ಹಳೆಯ ಪ್ರಶ್ನೆ ಎಲ್ಲವನ್ನೂ ಕೈಯಾರೆ ಬರೆಯಬೇಕು. ಅರ್ಧ ದಿನ ಸಾಕಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ವಾರ ಅಂತಲೇ ಹೇಳುತ್ತೇನೆ.